ಬಲಿಪೀಠ, ಪ್ರಸಂಗಪೀಠ ಮತ್ತು ಉಡಿಯ ಗಂಟು

ಮಸ್ಕಿಯಿಂದ ಲಿಂಗಸುಗೂರಿಗೆ ಹೊರಟ ಬಸ್ಸು ನಡುದಾರಿಯಲ್ಲಿ ಕೆಟ್ಟು ನಿಲ್ಲಬಹುದಿತ್ತು. ನಾವು ತಲುಪುವಷ್ಟರಲ್ಲಿ ಮದುವೆಯೇ ಮುಗಿದಿರಬಹುದಿತ್ತು. ಚರ್ಚಿನ ಬಾಗಿಲಲ್ಲಿ ಬಿಟ್ಟ ನನ್ನ ಹೊಸ ಮೆಟ್ಟು ಕಳುವಾಗಬಹುದಿತ್ತು. ಅಥವಾ ಎಲ್ಲರೂ ಮೆಟ್ಟು ಹಾಕಿಕೊಂಡೇ ಕೂತು, ನಾನೊಬ್ಬನೇ ಬರಿಗಾಲಲ್ಲಿ ಸಾವಿನ ಮನೆಗೆ ಬಂದವನಂತೆ ಕಾಣಬಹುದಿತ್ತು. ಎಲ್ಲರೂ ಎದ್ದಾಗ ನಾನು ಕೂತು, ಎಲ್ಲರೂ ಕೂತಾಗ ನಾನು ಏಳಬಹುದಿತ್ತು. ನನ್ನ ಹಣೆಯ ವಿಭೂತಿ ನೋಡಿ ರಾಯಚೂರಿನ ಬೀಗರು ಮುಖ ಸಿಂಡರಿಸಬಹುದಿತ್ತು. ಒರೆಸಿಕೊಂಡು ಹೋಗಿದ್ದರೆ ಮೊದಲು ಸಿಂಡರಿಸುವವಳು ನನ್ನ ಹೆಂಡತಿ. ಎಲ್ಲಕ್ಕಿಂತ ಹೆಚ್ಚಾಗಿ, ಎರಡು ಮಾತಾಡಲು ಕರೆದಾಗ ನಾನು ತಪ್ಪು ಪೀಠದ ಮುಂದೆ ಹೋಗಿ ನಿಲ್ಲಬಹುದಿತ್ತು. ವಾರವಿಡೀ ನಾನು ನಿದ್ದೆಗೆಟ್ಟದ್ದು ಇದಕ್ಕೇ.

ನಿಜಾಮರ ಆಡಳಿತ ಮುಗಿದು ಕೆಲವು ವರ್ಷಗಳಾಗಿದ್ದವು. ಮದುಮಗಳು ನನ್ನ ಗೆಳೆಯನ ಮಗಳು. ಅವನೂ ನಾನೂ ಮಸ್ಕಿಯ ಶಾಲೆಯಲ್ಲಿ ಜೊತೆಗೆ ಮಾಸ್ತರರಾಗಿದ್ದವರು. ನಮ್ಮ ಮನೆಗಳ ನಡುವೆ ಒಂದೇ ಗೋಡೆ. ಅವನು ಚರ್ಚಿಗೆ, ನಾನು ಮಠಕ್ಕೆ. ತಾಯಿಯಿಲ್ಲದ ಆ ಹುಡುಗಿ ಬೆಳೆದದ್ದು ಮಾತ್ರ ನಮ್ಮ ಅಡುಗೆಮನೆಯಲ್ಲಿ. ಅವಳಿಗೆ ಜಡೆ ಹೆಣೆದವಳು, ರೊಟ್ಟಿ ಬಡಿಯುವುದನ್ನು ಕಲಿಸಿದವಳು ನನ್ನ ಹೆಂಡತಿ. ಗೆಳೆಯನಿಗೆ ಲಿಂಗಸುಗೂರಿಗೆ ವರ್ಗವಾದಾಗ ಇವಳು ಎರಡು ದಿನ ಸರಿಯಾಗಿ ಉಂಡಿರಲಿಲ್ಲ. ಹಾಗಾಗಿ ಮದುವೆಯಲ್ಲಿ ಹುಡುಗಿಯ ಉಡಿ ತುಂಬುವುದು ತನ್ನ ಹಕ್ಕು ಎಂದು ಯಾರನ್ನೂ ಕೇಳದೆ ತೀರ್ಮಾನಿಸಿದ್ದಳು.

ಮದುವೆಗೆ ಕರೆಯಲು ನಮ್ಮ ಮನೆಗೆ ಬಂದ ಗೆಳೆಯನಿಗೆ ಅಳುಕು. ಬೀಗಿತಿ, ಅಂದರೆ ಹುಡುಗನ ತಾಯಿ, ಬಹಳ ಕಟ್ಟುನಿಟ್ಟಿನವರಂತೆ. ಇದೆಲ್ಲ ಯಾವ ಪದ್ಧತಿ ಎಂದು ಅವರು ಕೇಳಿಬಿಟ್ಟರೆ?

“ಚರ್ಚಿನ್ಯಾಗ ಬ್ಯಾಡ್ರಿ ಅಕ್ಕಾ. ಸಂಜಿಮುಂದ ಮನ್ಯಾಗ ನೋಡೋಣ,” ಎಂದ.

‘ನೋಡೋಣ’ ಎಂದರೆ ಆಗುವುದಿಲ್ಲ ಎಂದೇ ಅರ್ಥವೆಂಬುದನ್ನು ಮಾಸ್ತರನ ಹೆಂಡತಿಗೆ ಯಾರೂ ಹೇಳಿಕೊಡಬೇಕಿಲ್ಲ. ಅವಳು ಒಳಗೆ ಹೋಗಿ ಅಕ್ಕಿ ಆರಿಸತೊಡಗಿದಳು.

ಅಂದೇ ಅವನು, ಪಾದ್ರಿಗಳು ಒಪ್ಪಿದ್ದಾರೆ, ನೀನು ಪೀಠದ ಮೇಲೆ ನಿಂತು ಹುಡುಗಿಯನ್ನು ಹರಸಬೇಕು ಎಂದದ್ದು. ನಮ್ಮಲ್ಲಿ ಪೀಠ ಏರುವವರು ಸ್ವಾಮಿಗಳು. ನನ್ನಿಂದಾಗದು ಎಂದೆ. ಅವನು ಬಿಡಿಸಿ ಹೇಳಿದ: ತಮ್ಮಲ್ಲಿ ಪೀಠ ಎರಡು. ನಟ್ಟನಡುವೆ, ಎದುರುಗೋಡೆಯ ಹತ್ತಿರ ಇರುವುದು ಬಲಿಪೀಠ. ಬದಿಗೆ, ಮೆಟ್ಟಿಲು ಹತ್ತಿ ನಿಲ್ಲುವುದು ಪ್ರಸಂಗಪೀಠ. ‘ಬಲಿ’ ಎಂದದ್ದೇ ಚಹದ ಬಸಿಯನ್ನು ಕೆಳಗಿಟ್ಟೆ. ಕುರಿಯೋ ಕೋಳಿಯೋ ಎಂದು ಮೆಲ್ಲಗೆ ವಿಚಾರಿಸಿದೆ.

“ಅಲ್ಲಿ ಇಡೋದು ರೊಟ್ಟಿ, ದ್ರಾಕ್ಷಿ ರಸ. ನಿನ್ನ ಮನಿಗಿಂತ ಮಡಿ ಐತಿ, ಫಿಕರ್ ಮಾಡಬ್ಯಾಡ,” ಎಂದು ನಕ್ಕ. “ಅದು ದೇವರಿಗಿ ಅರ್ಪಿಸೋ ಜಾಗ. ಇನ್ನೊಂದು ಮಂದಿಗಿ ಹೇಳೋ ಜಾಗ. ನೀ ಹೇಳಿ ಇಳಿದು ಬಾ. ಬಲಿಪೀಠದ ಮ್ಯಾಲ ಮಾತ್ರ ಏನೂ ಇಡಬ್ಯಾಡ, ಅಷ್ಟ.”

ನಮ್ಮ ಗರ್ಭಗುಡಿಗೂ ಪುರಾಣ ಹೇಳುವವರ ಗದ್ದುಗೆಗೂ ಇರುವ ವ್ಯತ್ಯಾಸ ಎಂದುಕೊಂಡು ಸಮಾಧಾನಪಟ್ಟೆ. ಪೂರ್ತಿ ಅಲ್ಲ. ಪ್ರಸಂಗ ಎಂದರೆ ಅವರಿಗೆ ಉಪದೇಶ. ನಮ್ಮ ಮನೆಯಲ್ಲಿ ಆ ಮಾತು ಬರುವುದು ಏನಾದರೂ ಎಡವಟ್ಟಾದಾಗ.

ಆ ದಿನ ಬಸ್ಸು ಕೆಡಲಿಲ್ಲ. ಬಾಗಿಲಲ್ಲಿ ಮೆಟ್ಟುಗಳ ರಾಶಿಯೇ ಇತ್ತು. ಪಕ್ಕದವರನ್ನು ನೋಡುತ್ತ ಎದ್ದೆ, ಕೂತೆ. ಬೀಗಿತಿ ಮೊದಲ ಸಾಲಿನಲ್ಲಿ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿದ್ದರು. ನನ್ನ ವಿಭೂತಿಯತ್ತ ತಿರುಗಿಯೂ ನೋಡಲಿಲ್ಲ. ಉಂಗುರ ತೊಡಿಸಿದ ಮೇಲೆ ಹುಡುಗಿಯ ಮುಡಿಯ ಹೂವು ಜಾರಿತು. ಸರಿಮಾಡಲು ಎದ್ದ ನನ್ನ ಹೆಂಡತಿ, ಸೆರಗಿನ ಮರೆಯಲ್ಲಿದ್ದ ಗಂಟೊಂದನ್ನು ನನ್ನ ತೊಡೆಯ ಮೇಲೆ ಇಟ್ಟು ಹೋದಳು. ಕುಪ್ಪಸದ ಖಣದಲ್ಲಿ ಕಟ್ಟಿದ ಅಕ್ಕಿ, ಉತ್ತತ್ತಿ, ಅರಿಶಿನ ಕೊಂಬು, ಕೊಬ್ಬರಿ ಬಟ್ಟಲು. ಉಡಿಯ ಸಾಮಾನು! ಅದೇ ಹೊತ್ತಿಗೆ ಪಾದ್ರಿಗಳು ನನ್ನನ್ನು ಕರೆದರು.

ಗಂಟಿನ ಸಮೇತ ಎದ್ದೆ. ಬಲಿಪೀಠದಿಂದ ಆದಷ್ಟು ದೂರ ಸುತ್ತುಹಾಕಿ, ಸರಿಯಾದ ಪೀಠವನ್ನೇ ಏರಿದೆ. ಗಂಟನ್ನು ಅಲ್ಲಿದ್ದ ದೊಡ್ಡ ಬೈಬಲ್ಲಿನ ಪಕ್ಕದಲ್ಲಿಟ್ಟು, ಅದರ ಮೇಲೆ ಕೈಯೂರಿ ಮಾತಾಡಿದೆ. ಚೆನ್ನಾಗಿಯೇ ಮಾತಾಡಿದೆನಂತೆ, ಗೆಳೆಯ ಕಣ್ಣೊರೆಸಿಕೊಂಡ. ಕೊನೆಗೆ ಹರಸಲು ಎರಡೂ ಕೈ ಎತ್ತಿದೆ.

ಎರಡು ಪೀಠಗಳ ವ್ಯತ್ಯಾಸ ಹೇಳುವಾಗ ಗೆಳೆಯ ಒಂದನ್ನು ಬಿಟ್ಟಿದ್ದ. ಅರ್ಪಿಸುವ ಪೀಠದ ಮೇಲ್ಭಾಗ ಸಮ. ಓದುವ ಪೀಠದ್ದು ಇಳಿಜಾರು. ಗಂಟು ಜಾರಿ ನನ್ನ ಕಾಲ ಬಳಿ ಬಿದ್ದು ಬಿಚ್ಚಿಕೊಂಡಿತು. ಅಕ್ಕಿ ಅಲ್ಲೇ ಚೆಲ್ಲಿತು. ಕೊಬ್ಬರಿ ಬಟ್ಟಲು ಮಾತ್ರ ಟಕ್ ಟಕ್ ಎಂದು ಮೆಟ್ಟಿಲಿಳಿದು, ಅಂಚಿನ ಮೇಲೆ ಓಲಾಡುತ್ತ, ಮದುಮಕ್ಕಳ ಮುಂದಿನಿಂದಲೇ ಉರುಳಿ, ಬಲಿಪೀಠದ ಬುಡದಲ್ಲಿ ಒಂದು ಸುತ್ತು ಸುತ್ತಿ ಬೋರಲಾಯಿತು.

ಗೆಳೆಯ ಕಣ್ಣು ಮುಚ್ಚಿಕೊಂಡ. ಹುಡುಗಿಯ ಪಕ್ಕದಲ್ಲೇ ನಿಂತಿದ್ದ ನನ್ನ ಹೆಂಡತಿ ಸೆರಗನ್ನು ಬಾಯಿಗೊತ್ತಿಕೊಂಡಳು. ಬೀಗಿತಿ ಎದ್ದು ಹೋಗಿ, ಬಗ್ಗಿ ಕೊಬ್ಬರಿ ಬಟ್ಟಲನ್ನು ಎತ್ತಿಕೊಂಡರು. ಸೆರಗಿನಿಂದ ಒರೆಸಿ, ತಿರುಗಿಸಿ ನೋಡಿ, ನನ್ನ ಹೆಂಡತಿಯ ಕೈಗಿತ್ತರು.

“ಹುಡುಗಿ ಉಡ್ಯಾಗ ಲಗೂನ ಹಾಕ್ರಿ,” ಎಂದರು. “ಮತ್ತ ಮಾಸ್ತರ್ ಕೈಗಿ ಕೊಡಬ್ಯಾಡ್ರಿ.”