ಬೆಲ್ಲ ಬದಲಾದ ಚಹಾ

ನಿಪ್ಪಾಣಿಯ ನಮ್ಮ ಕಾಲೇಜಿನಲ್ಲಿ ನನ್ನ ಸಹೋದ್ಯೋಗಿಯೊಬ್ಬರು ಗಣಿತ ಕಲಿಸುತ್ತಿದ್ದರು, ನಾನು ಭೌತಶಾಸ್ತ್ರ. ಅವರು ತರಗತಿಯಲ್ಲಿ ತಂಬಾಕಿನ ಗೋದಾಮುಗಳ ಕಡೆಯ ಕಿಟಕಿ ತೆರೆದು, ಕಣ್ಣು ಮುಚ್ಚಿ ಉಸಿರೆಳೆದು, "ವಾಸನಿ ಬರಾಕತ್ತೈತೇನ್ರೋ?" ಎಂದು ಕೇಳುವರು. ಊರ ಹುಡುಗರು ಇಲ್ಲವೆನ್ನುವರು. ಕಾಗವಾಡದಿಂದ ಹೊಸದಾಗಿ ಬಂದ ಹುಡುಗಿ ಮಾತ್ರ ಸೀನುವಳು.

"ಗೊತ್ತಿದ್ದದ್ದು ಸುದ್ದಿ ಅಲ್ಲ. ಬದಲಾದದ್ದನ್ನಷ್ಟ ಮೂಗು ಹೇಳತೈತಿ" ಎನ್ನುತ್ತ ಮಾಹಿತಿ ಸಿದ್ಧಾಂತಕ್ಕೆ ಇಳಿಯುವರು. ನನ್ನ ತರಗತಿಯಲ್ಲಿ ಆಕಳಿಸುವ ಹುಡುಗರೇ ಅಲ್ಲಿ ಮುಂದಿನ ಬೆಂಚಿಗಾಗಿ ಜಗಳಾಡುತ್ತಿದ್ದರು. ನನಗೆ ಹೊಟ್ಟೆ ಉರಿಯುತ್ತಿತ್ತು.

ಆಗಾಗ ಚಹಾಕ್ಕೆ ಬರುತ್ತಿದ್ದ ಅವರು ಒಂದು ಭಾನುವಾರ ನಮ್ಮ ಮನೆಗೆ ಬಂದರು. ಹೆಂಡತಿ ಚಹಾ ತಂದಳು. ನಾನು ಎಂದಿನಂತೆ, "ಛಲೋ ಆಗೇತಿ" ಎಂದೆ. ಅವರು ಒಂದು ಗುಟುಕು ಕುಡಿದು ಕಣ್ಣು ಮುಚ್ಚಿದರು.

"ಬೆಲ್ಲ ಬದಲಾಗೇತೇನ್ರಿ ವೈನಿ?"

"ಹೌದ್ರಿ! ಐನಾಪುರದಿಂದ ನಮ್ಮಣ್ಣ ಕಳಿಸ್ಯಾನ. ವಾರದಿಂದ ಇದನ್ನ ಹಾಕಾಕತ್ತೇನ್ರಿ."

ಅವಳ ಮುಖ ಹಾಗೆ ಅರಳಿದ್ದನ್ನು ನಾನು ನೋಡಿ ಎಷ್ಟೋ ಕಾಲವಾಗಿತ್ತು. ಆ ವಾರವೆಲ್ಲ ಅದೇ ಚಹಾ ಕುಡಿದವನು ನಾನು.

ಅವರು ಹೋದ ಮೇಲೆ ಲೋಟ ಒಳಗೆ ಒಯ್ದು, "ಖರೇನ, ಚಹಾ ಭಾಳ ಛಲೋ ಆಗಿತ್ತು" ಎಂದೆ.

ಅವಳು ತಲೆ ಎತ್ತಲಿಲ್ಲ.

"ದಿನಾ ಅಂತೀರಲ್ರಿ."