ನನಗೆ ತಿಳಿದಮಟ್ಟಿಗೆ

ಹೊಳೆನರಸೀಪುರ ತಾಲ್ಲೂಕಿನ ಹೈಸ್ಕೂಲುಗಳಲ್ಲಿ ಇಂಗ್ಲಿಷ್ ಮೇಷ್ಟ್ರಾಗಿ ಮೂವತ್ತು ವರ್ಷ ಸವೆಸಿದವನು ನಾನು. ಮಾತನ್ನು ಖಚಿತವಾಗಿ ಹೇಳುವುದು ಹೇಗೆ ಎಂಬ ಪಾಠ ಬಂದಾಗಲೆಲ್ಲ ಬೋರ್ಡಿನ ಮೇಲೆ ಬರೆಯುತ್ತಿದ್ದೆ: ‘ಐ ಆ್ಯಮ್ ಸರ್ಟನ್’, ‘ವಿದೌಟ್ ಎನಿ ಡೌಟ್’, ‘ಬಿಯಾಂಡ್ ಕ್ವೆಶ್ಚನ್’. ಮಕ್ಕಳು ಉರು ಹೊಡೆಯುತ್ತಿದ್ದರು. ನಾನು ಮಾತ್ರ ಸಹಿ ಹಾಕುವ ಕಾಗದದಲ್ಲಿ ಅವುಗಳಲ್ಲಿ ಒಂದನ್ನೂ ಬಳಸಿದವನಲ್ಲ. ನನ್ನದು ಒಂದೇ ಮಂತ್ರ, ‘ಟು ದ ಬೆಸ್ಟ್ ಆಫ್ ಮೈ ನಾಲೆಡ್ಜ್’. ಅಂದರೆ, ನನಗೆ ತಿಳಿದಮಟ್ಟಿಗೆ. ನಾಳೆ ಎಡವಟ್ಟಾದರೆ ಯಾರೂ ನನ್ನ ಕತ್ತಿನಪಟ್ಟಿ ಹಿಡಿಯುವಂತಿಲ್ಲ. ಪುಕ್ಕಲು ಬುದ್ಧಿ ಅನ್ನಿ, ಬೇಜಾರಿಲ್ಲ.

ರಿಟೈರಾದ ಮೇಲೂ ಜನ ಇಂಗ್ಲಿಷ್ ಕಾಗದಕ್ಕೆ ಮನೆಗೆ ಬರುತ್ತಾರೆ. ಹೋದ ವರ್ಷ ಹಳ್ಳಿಮೈಸೂರು ಕಡೆಯಿಂದ ಹಳೆಯ ವಿದ್ಯಾರ್ಥಿನಿಯೊಬ್ಬಳು ಬಂದಳು. ಗಂಡ ತೆಂಗಿನ ಮರದಿಂದ ಬಿದ್ದು, ಸೊಂಟ ಹೋಗಿ ಮಲಗಿದ್ದ. ಹಾಸನದ ಒಂದು ಗಾರ್ಮೆಂಟ್ಸ್‌ನಲ್ಲಿ ಎಸ್ಸೆಸ್ಸೆಲ್ಸಿ ಪಾಸಾದವರಿಗೆ ಚೆಕಿಂಗ್ ಕೆಲಸವಿತ್ತು. ಅದು ಸಿಕ್ಕರೆ ಮನೆ ನಡೆಯುತ್ತಿತ್ತು. ತೊಡಕು ಹೆಸರಿನದು. ಮಾರ್ಕ್ಸ್ ಕಾರ್ಡಿನಲ್ಲಿ ಒಂದು, ಆಧಾರಿನಲ್ಲಿ ಇನ್ನೊಂದು. ಅವಳದೂ ಅತ್ತೆಯದೂ ಹುಟ್ಟುಹೆಸರು ಒಂದೇ. ಆ ಹೆಸರು ಹಿಡಿದು ಸೊಸೆಯನ್ನು ಬೈದರೆ ಅತ್ತೆಯನ್ನೇ ಬೈದಂತಾಗುತ್ತದೆಂದು ನಮ್ಮ ಕಡೆ ಇಂಥವಳಿಗೆ ಮದುವೆಯಾದೊಡನೆ ಬೇರೆ ಹೆಸರಿಡುತ್ತಾರೆ. ಹಳೆಯದು ತವರಿನಲ್ಲೇ ಉಳಿಯುತ್ತದೆ. ಎರಡು ಹೆಸರಿನವಳೂ ಇವಳೇ ಎಂದು ಓದಿಸಿದ ಮೇಷ್ಟ್ರು ಬರೆದುಕೊಡಬೇಕಂತೆ, ಅದೂ ಇಂಗ್ಲಿಷಿನಲ್ಲಿ. ಅಲ್ಲಿನ ಆಫೀಸರ್ ಹೊರರಾಜ್ಯದವರು, ಕನ್ನಡ ಬಾರದು.

ಮೂರು ವರ್ಷ ಮುಂದಿನ ಬೆಂಚಿನಲ್ಲಿ ಕೂತವಳು. ಮುಖ ನೋಡುತ್ತಲೇ ಗುರುತು ಸಿಕ್ಕಿತ್ತು. ಆದರೂ ಕೈ ತನ್ನ ಹಳೇ ಚಾಳಿಯಂತೆ ‘ತಿಳಿದಮಟ್ಟಿಗೆ’ ಎಂದೇ ಬರೆಯಿತು.

ನಾಲ್ಕನೇ ದಿನ ಅತ್ತೆಯನ್ನೂ ಕರೆದುಕೊಂಡು ವಾಪಸು ಬಂದಳು. ಮೇಷ್ಟ್ರಿಗೇ ಖಾತ್ರಿಯಿಲ್ಲ ಎಂದು ಆಫೀಸರ್ ಕಾಗದವನ್ನು ಹಿಂದಕ್ಕೆ ಕೊಟ್ಟಿದ್ದರು. ಶನಿವಾರ ಕಡೇ ದಿನ.

“ಅದ್ರಲ್ಲಿ ಏನಂತ ಬರ್ದಿದ್ರಿ ಸಾ?” ಎಂದಳು. ಅರ್ಥ ಹೇಳಿದೆ.

“ನಿಮ್ಗೆ ನಾನು ಗೊತ್ತಿಲ್ವಾ ಸಾ?”

ಅತ್ತೆ ಇನ್ನೂ ಖಡಕ್ಕು. “ಅಲ್ಲಾ ಮೇಷ್ಟ್ರೇ, ನಿಮ್ಮನೆ ಎಮ್ಮೆ ಸಂತೇಲಿ ಕಂಡ್ರೂ ಇಂಗೇ ಏಳ್ತೀರಾ, ತಿಳಿದಮಟ್ಟಿಗೆ ನಮ್ದೇಯಾ ಅಂತ?”

ನಾಚಿಕೆಯಾಯಿತು. ಸಿಟ್ಟೂ ಬಂತು, ಯಾರ ಮೇಲೆಂದು ಹೇಳಲಾರೆ. ಹೊಸ ಹಾಳೆ ತೆಗೆದು ‘ವಿದೌಟ್ ಎನಿ ಡೌಟ್’ ಎಂದು ಬರೆದು ಸಹಿ ಹಾಕಿದೆ. ಅಷ್ಟು ಸಾಲದೆಂದು ಶನಿವಾರ ನಾನೂ ಹಾಸನದ ಬಸ್ಸು ಹತ್ತಿದೆ. ಮಾತಿಗೆ ಒಬ್ಬರಿರಲಿ ಎಂದು ಅತ್ತೆಯೂ ಬಂದರು.

ಆಫೀಸಿನ ಹೊರಗಿನ ಬೆಂಚಿನಲ್ಲಿ ಮೂವರೂ ಕೂತೆವು. ಕಾಗದಗಳು ಒಳಗೆ ಹೋಗಿದ್ದವು. ಸ್ವಲ್ಪ ಹೊತ್ತಿಗೆ ಆಫೀಸರೇ ಬಾಗಿಲಿಗೆ ಬಂದು, ಮಾರ್ಕ್ಸ್ ಕಾರ್ಡ್ ನೋಡಿಕೊಂಡು ಅದರಲ್ಲಿದ್ದ ಹೆಸರು ಕೂಗಿದರು.

ಅವಳು ಏಳಲಿಲ್ಲ. “ಆ, ಬಂದೆ” ಎಂದು ಎದ್ದು ನಿಂತದ್ದು ಅತ್ತೆ.

ಆಫೀಸರ್ ಅವರನ್ನು ನೋಡಿದರು, ಕೂತೇ ಇದ್ದ ಅವಳನ್ನು ನೋಡಿದರು, ಆಮೇಲೆ ನನ್ನನ್ನು. ಕೆಲಸ ಕೈತಪ್ಪಿತು ಎಂದುಕೊಂಡೆ. ಏನಾದರೂ ಹೇಳೋಣವೆಂದರೆ ಮೂವತ್ತು ವರ್ಷ ಕಲಿಸಿದ ಇಂಗ್ಲಿಷಿನಲ್ಲಿ ಒಂದಕ್ಷರ ಬಾಯಿಗೆ ಬರಲಿಲ್ಲ.

ಅತ್ತೆ ಸೊಸೆಯ ರಟ್ಟೆ ಹಿಡಿದು ಎಬ್ಬಿಸಿದರು. “ಏಳವ್ವಾ, ನಿನ್ನೇ ಕರೀತಿರಾದು” ಎಂದವರೇ, ತಮ್ಮದೇ ಹೆಸರು ಹಿಡಿದು ಅವಳನ್ನು ಕೂಗಿದರು. ಸೊಸೆಯಾಗಿ ಬಂದ ಮೇಲೆ ಅದೇ ಮೊದಲಂತೆ. ಅವಳು ಬೆಚ್ಚಿ ನೋಡಿ, “ಆ ಅತ್ತೆ” ಎಂದು ಓಗೊಟ್ಟಳು. ಕಣ್ಣು ತುಂಬಿತ್ತು. ಆಫೀಸರಿಗೆ ಏನು ತಿಳಿಯಿತೋ, ಒಳಗೆ ಬಾ ಎಂದು ಕೈ ಮಾಡಿದರು.

ಸೋಮವಾರದಿಂದ ಕೆಲಸಕ್ಕೆ ಬರಲು ಹೇಳಿದರು ಎನ್ನುತ್ತ ಅವಳು ಹೊರಬರುವ ತನಕ ನಾವಿಬ್ಬರೂ ಅಲ್ಲೇ ಕೂತಿದ್ದೆವು. ಅಷ್ಟು ಹೊತ್ತಿನಲ್ಲಿ ಅತ್ತೆ ಆಡಿದ್ದು ಒಂದೇ ಮಾತು.

“ಅವ್ಳು ಮರ್ತಿದ್ದಲ್ಲ ಮೇಷ್ಟ್ರೇ, ನಾನು ಮರೆಸ್ಬುಟ್ಟಿದ್ದೆ.”