ಕೆಂಪು ಲೋಳೆಯ ಎದುರು ಉಪ್ಪಕ್ಕ

ಬೆಳಕು ಹರಿಯುವ ಹೊತ್ತಿಗೇ ಉಪ್ಪಕ್ಕನ ಬಲಗೈ ಭುಜದವರೆಗೆ ಸಮುದ್ರದಲ್ಲಿದೆ. ಸಮುದ್ರವೆಂದರೆ ಮೂರನೇ ಮಹಡಿಯ ಮನೆಯೊಂದರಲ್ಲಿ ಮೀನು, ಹವಳ ಸಾಕಿದ ಗಾಜಿನ ತೊಟ್ಟಿ. ಮರಳಿನ ಮೇಲೆ ಹಬ್ಬಿದ ಕೆಂಪು ಲೋಳೆಯನ್ನು ಆಕೆ ಕೊಳವೆಯಿಂದ ಹೀರಿ ಬಕೆಟ್ಟಿಗೆ ಬಿಡುತ್ತಿದ್ದಾಳೆ. ಹವಳದ ಉಸಿರು ಕಟ್ಟಿಸುವ ಈ ಲೋಳೆಯ ಹೆಸರು ಸಯನೋಬ್ಯಾಕ್ಟೀರಿಯಾ.

"ಅಷ್ಟುದ್ದ ಹೆಸರು ಹೇಳೋದ್ರೊಳಗೆ ಇನ್ನೊಂದು ಗೇಣು ಹಬ್ಬಿರತ್ತೆ. ನಾನು ನೆಂಟ ಅಂತೀನಿ. ಕರೀದೆ ಬರ್ತಾನೆ, ಹೊರಡು ಅಂದ್ರೆ ಹಾಸಿಗೆ ಬಿಡಿಸ್ತಾನೆ," ಎನ್ನುತ್ತಾಳೆ ಉಪ್ಪಕ್ಕ.

ನೆಂಟ ಬಂದಿರುವುದು ಇದು ಮೂರನೇ ಸಲ. ಇನ್ನೊಮ್ಮೆ ಬಂದರೆ ತೊಟ್ಟಿಯನ್ನೇ ತೆಗೆಸುತ್ತೇನೆ ಎಂದು ಮನೆಯೊಡತಿ ಹೇಳಿಯಾಗಿದೆ. ಮಂಡಿನೋವಿಗೆ ಮನೆ ಬಿಟ್ಟು ಕದಲಲಾರದ ಅವಳ ಅತ್ತೆಗೆ, ಎಲ್ಲರ ಅಜ್ಜಿಗೆ, ಲೋಕ ತೋರಿಸುವ ಕಿಟಕಿ ಈ ತೊಟ್ಟಿಯೊಂದೇ.

ಉಪ್ಪಕ್ಕ ಮೊದಲು ಮೀನಿನಂಗಡಿಯ ನೆಲ ಒರೆಸುತ್ತಿದ್ದವಳು. ಗಂಡ ಹಾಸಿಗೆ ಹಿಡಿದ ಮೇಲೆ ತೊಟ್ಟಿ ತೊಳೆಯಲು ಕಲಿತಳು. ಈಗ ವಾರಕ್ಕೆ ಹದಿನಾಲ್ಕು ಮನೆ. ಉಪ್ಪುನೀರಿನ ಕ್ಯಾನು ಹೊತ್ತು ಹಿಂಬದಿಯ ಮೆಟ್ಟಿಲು ಹತ್ತಬೇಕು. ಲಿಫ್ಟಿನಲ್ಲಿ ನೀರು ಚೆಲ್ಲುತ್ತದಂತೆ. ಮನೆಯೊಳಗೆ ಸಮುದ್ರ ಬೇಕು, ಅದನ್ನು ಹೊತ್ತು ತರುವವಳ ಒದ್ದೆ ಹೆಜ್ಜೆ ಬೇಡ. ಇಂಥ ಅಚ್ಚುಕಟ್ಟಿಗೆ ನಾಚಿಕೆಯೂ ಇಲ್ಲ.

ಕೊಳವೆ ತೊಳೆದು ತಿರುಗಿದರೆ ಅಜ್ಜಿ ನೀರಿಗೆ ಚಿಟಿಕೆ ಮೀನಿನ ಕಾಳು ಉದುರಿಸುತ್ತಿದ್ದಾಳೆ.

"ಅಜ್ಜೀ, ನಿನ್ನೆ ರಾತ್ರಿ ಹಾಕಿದ್ದೇ ಇನ್ನೂ ತೇಲ್ತಿದೆ."

"ಗಾಜಿನ ಹತ್ರ ಬಂದ್ರೆ ಹಸಿವು ಅಂತ ನೀನೇ ಹೇಳಿದ್ದಲ್ಲೇ. ನನ್ನ ಮುಖ ಕಂಡ್ರೆ ಸಾಕು, ಓಡಿ ಬರ್ತಾವೆ ಪಾಪ. ದಿನಾ ಎಷ್ಟು ಸಲ ಅಂತ ಲೆಕ್ಕ ಇಡ್ಲಿ?"

ಉಪ್ಪಕ್ಕ ಹಣೆ ಚಚ್ಚಿಕೊಳ್ಳುತ್ತಾಳೆ. ಮೀನು ತಿಂದುಳಿದದ್ದು ಕೊಳೆತು ನೆಂಟನಿಗೆ ಔತಣವಾಗಿದೆ.

ಅಷ್ಟರಲ್ಲಿ ಒಡತಿ ಬರುತ್ತಾಳೆ. "ಕಾರಣ ಗೊತ್ತಾಯ್ತಾ?"

ಅಜ್ಜಿ ಕಾಳಿನ ಡಬ್ಬಿಯನ್ನು ಸೆರಗಿನೊಳಗೆ ಸರಿಸುತ್ತಾಳೆ.

"ಊಟದ ಅಳತೆ ನಾನೇ ತಪ್ಪು ಹೇಳಿದ್ದೆ ಅಮ್ಮಾ. ಮೂರು ದಿನ ಕೊಡಿ, ಸರಿ ಮಾಡ್ತೀನಿ," ಎನ್ನುತ್ತಾಳೆ ಉಪ್ಪಕ್ಕ.

ನೀರು ತಿರುಗಿಸುವ ಪಂಪನ್ನು ಲೋಳೆಯ ಕಡೆಗೆ ತಿರುಗಿಸಿ, ತೊಟ್ಟಿಗೆ ಕಪ್ಪು ಬಟ್ಟೆ ಹೊದಿಸುತ್ತಾಳೆ. ಬೆಳಕಿಲ್ಲದಿದ್ದರೆ ಲೋಳೆ ಸೊರಗುತ್ತದೆ. ಅಜ್ಜಿಯೂ ಸೊರಗುತ್ತಾಳೆ, ಅದಕ್ಕೇ ಉಪ್ಪಕ್ಕ ದಿನಾ ಬೇರೆ ಮನೆಗೆ ಹೋಗುವ ದಾರಿಯಲ್ಲಿ ಬಂದು ಬಟ್ಟೆಯ ಅಂಚೆತ್ತಿ, "ಎಲ್ಲರೂ ಮಲಗಿದಾರೆ," ಎಂದು ವರದಿ ಒಪ್ಪಿಸುತ್ತಾಳೆ.

ನಾಲ್ಕನೇ ಬೆಳಿಗ್ಗೆ ಬಟ್ಟೆ ಸರಿಯುತ್ತದೆ. ಮರಳು ಬೆಳ್ಳಗಿದೆ. ಒಡತಿ ಬಗ್ಗಿ ನೋಡಿ, "ಇರ್ಲಿ ಬಿಡು," ಎಂದು ಒಳಗೆ ಹೋಗುತ್ತಾಳೆ.

ಆಸೆಯೇನಾದರೂ ಇದೆಯೇ ಎಂದು ಕೇಳಿದರೆ ಉಪ್ಪಕ್ಕ ಕೈ ಒರೆಸಿಕೊಳ್ಳುತ್ತಾಳೆ. "ನಾನು ಬರೋದು ಕೊಳೆ ಆದಾಗ, ಹೋಗೋದು ನೀರು ಕದಡಿದಾಗ. ತಿಳಿಯಾದ ತೊಟ್ಟಿ ಎದುರಿಗೆ ಒಂದ್ಸಲ ಸುಮ್ನೆ ಕೂರ್ಬೇಕು."

ಅಜ್ಜಿ ಪಕ್ಕದ ಕುರ್ಚಿ ತಟ್ಟುತ್ತಾಳೆ. "ಕೂತ್ಕೋ ಬಾರೇ. ಮೀನು ಹತ್ರ ಬಂದ್ರೆ ಮಾತ್ರ ಏನೂ ಹಾಕ್ಬೇಡ, ನಾಟಕ ಆಡ್ತಾವೆ ಅವು."